ಊರಿನ ಬೆಂಕಿಗೆ ಊರಿನದೇ ಬಂಡಿ

(ಶ್ರೀಮಠದ ಮಹೋತ್ಸವದ ಅಂಗವಾಗಿ ನಡೆದ ಕೃಷಿಕರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣವನ್ನು ಓದಿ, ಓದಿಸಿ, ಐವತ್ತು ವರ್ಷಗಳನ್ನು ಮೀರಿದ ನನ್ನಂಥವನು ಬೆಂಕಿಯಾರಿಸುವ ಬಂಡಿಯ ವಿಷಯವಾಗಿ ಮಾತನಾಡಲು ನಿಂತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಯಂತ್ರಗಳ ವಿಷಯವನ್ನು ಯಂತ್ರ ಬಲ್ಲವರು ಹೇಳಬೇಕೆಂಬುದು ಸರಿಯೇ. ಆದರೆ ಈ ವಿಷಯದಲ್ಲಿ ಯಂತ್ರದ ಪಾಲು ಸ್ವಲ್ಪ, ಊರಿನ ಪಾಲು ಬಹಳ. ಅದನ್ನು ನಾನು ಪುಸ್ತಕದಿಂದ ಕಲಿತುದಲ್ಲ. ಹುಡುಗನಾಗಿದ್ದಾಗ ಒಂದು ರಾತ್ರಿಯಲ್ಲಿ ಕಲಿತುದು. ಆ ಸಂಗತಿಯನ್ನೇ ಮೊದಲು ಹೇಳಿಬಿಡುತ್ತೇನೆ.

ಇದು ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ನಾನಾಗ ಪಾಠಶಾಲೆಯಲ್ಲಿ ಸಿದ್ಧಾಂತಕೌಮುದಿಯನ್ನು ಓದುತ್ತಿದ್ದೆ. ಫಾಲ್ಗುಣಮಾಸದ ಒಂದು ರಾತ್ರಿ ಊಟ ಮುಗಿಸಿ ನಾವು ಹುಡುಗರು ಜಗುಲಿಯಲ್ಲಿ ಹಾಸಿಕೊಂಡು ಮಲಗಿದ್ದೆವು. ಹೊರಗೆ ಕೂಗು ಕೇಳಿಸಿತು. ಎದ್ದು ನೋಡಿದರೆ ಗದ್ದೆಬಯಲಿನಾಚೆಯ ದಿಣ್ಣೆಯ ಮೇಲೆ, ತೋಟದ ಕೂಲಿಯಿಂದ ಜೀವಿಸುತ್ತಿದ್ದ ಒಂದು ಸಂಸಾರದ ಸೋಗೆಯ ಮನೆ ಹತ್ತಿಕೊಂಡು ಉರಿಯುತ್ತಿತ್ತು. ಬೇಸಿಗೆಯ ಸೋಗೆ ಎಷ್ಟು ಬೇಗ ಉರಿಯುವುದೆಂಬುದನ್ನು ನಿಮಗೆ ನಾನು ಹೇಳಬೇಕಾದುದಿಲ್ಲ. ನಾವು ಓಡಿದೆವು, ಊರಿಗೆ ಊರೇ ಓಡಿತು. ಕೊಡಪಾನ, ಹಂಡೆ, ಅಕ್ಕಚ್ಚಿನ ಬಾನಿ, ಕೈಗೆ ಸಿಕ್ಕಿದುದನ್ನೆಲ್ಲ ಹೊತ್ತು ತಂದರು. ಬಾವಿ ಒಂದೇ, ಅದಕ್ಕೆ ಹಗ್ಗವೂ ಒಂದೇ. ನೀರು ತಳಕ್ಕಿಳಿದಿತ್ತು. ಒಂದು ಕೊಡ ಮೇಲಕ್ಕೆ ಬರುವಷ್ಟರಲ್ಲಿ ಹತ್ತು ಕೈಗಳು ಖಾಲಿಯಾಗಿ ಕಾಯುತ್ತಿದ್ದವು.

ಆಗ ಊರಿನ ಹಿರಿಯರೊಬ್ಬರಿಗೆ ತಮ್ಮ ಅಟ್ಟದ ಮೇಲಿದ್ದ, ಅಡಿಕೆಗೆ ಮದ್ದು ಹೊಡೆಯುವ ಕೈಪಂಪಿನ ನೆನಪಾಯಿತು. ನಾಲ್ವರು ಓಡಿಹೋಗಿ ಅದನ್ನು ಹೊತ್ತು ತಂದರು. ಬಾನಿಗೆ ನೀರು ತುಂಬಿ, ಕೊಳವೆಯನ್ನು ಅದರೊಳಗೆ ಇಳಿಬಿಟ್ಟು, ಇಬ್ಬರು ಹಿಡಿಕೆಯನ್ನು ಜಗ್ಗಿದರು. ಒಂದು ಹನಿಯೂ ಏರಲಿಲ್ಲ. ಮಳೆಗಾಲದ ಮದ್ದು ಮುಗಿದ ಮೇಲೆ ಮೂಲೆ ಸೇರಿದ್ದ ಪಂಪು ಅದು. ಒಳಗಿನ ಚರ್ಮದ ವಾಷರು ಐದು ತಿಂಗಳಲ್ಲಿ ಒಣಗಿ ಸುರುಟಿ ಕರಟದಂತಾಗಿತ್ತು. “ಎಣ್ಣೆ ತನ್ನಿರೋ, ಎಣ್ಣೆ!” ಎಂದು ಆ ಹಿರಿಯರು ಕೂಗಿಕೊಂಡ ದನಿ ಈಗಲೂ ನನ್ನ ಕಿವಿಯಲ್ಲಿದೆ. ಎಣ್ಣೆ ಬರುವ ಹೊತ್ತಿಗೆ ಮಾಡಿನ ಗಳುಗಳು ಒಳಕ್ಕೆ ಕುಸಿದವು. ಮನೆಯವರು ಹೇಗೋ ಪ್ರಾಣಸಹಿತ ಹೊರಬಿದ್ದಿದ್ದರು. ಕೊಟ್ಟಿಗೆಯಲ್ಲಿ ಕಟ್ಟಿದ್ದ ಎರಡು ಕರುಗಳು ಬರಲಿಲ್ಲ. ವರ್ಷದ ಬತ್ತವೂ ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಎರಡು ಸೀರೆಗಳೂ ಹೋದವು. ಎಲ್ಲ ಸೇರಿ ಒಂದು ಗಳಿಗೆಯೂ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಗುರುಗಳು ಪಾಠವನ್ನು ನಿಲ್ಲಿಸಿ ನಮ್ಮನ್ನು ಸೋಗೆ ಹೊರುವುದಕ್ಕೆ ಕಳುಹಿಸಿದರು. ಊರವರು ಕೂಡಿ ಹದಿನೈದು ದಿನಗಳಲ್ಲಿ ಅವರಿಗೆ ಮನೆ ಕಟ್ಟಿಕೊಟ್ಟರು. ಬಿದ್ದವರನ್ನು ಎತ್ತುವುದರಲ್ಲಿ ನಮ್ಮ ಸೀಮೆಯ ಜನ ಎಂದೂ ಹಿಂದೆಗೆದವರಲ್ಲ. ಆದರೆ ಮನೆಯನ್ನು ಕಟ್ಟಿಕೊಡುವುದಕ್ಕೆ ಹದಿನೈದು ದಿನ ದುಡಿದ ಊರು, ಅದನ್ನು ಉಳಿಸುವುದಕ್ಕಾಗಿ ತಿಂಗಳಿಗೊಮ್ಮೆ ಆ ಪಂಪಿಗೆ ನಾಲ್ಕು ತೊಟ್ಟು ಎಣ್ಣೆ ಹಾಕಿರಲಿಲ್ಲವಷ್ಟೆ. ಈ ಯೋಚನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇಂದು ಇಲ್ಲಿ ನಿಂತಿರುವುದಕ್ಕೂ ಅದೇ ಕಾರಣ.

ಸರಕಾರದ ಅಗ್ನಿಶಾಮಕ ದಳವಿರುವಾಗ ನಮಗೇಕೆ ಈ ಗೊಡವೆ ಎಂದು ಕೇಳುವವರುಂಟು. ೧೯೬೪ರಲ್ಲಿ ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳದ ಕಾಯಿದೆಯಾಯಿತು. ಆ ದಳದವರು ಪ್ರಾಣವನ್ನು ಒತ್ತೆಯಿಟ್ಟು ಕೆಲಸ ಮಾಡುವವರು. ಅವರ ಮೇಲೆ ನನ್ನದು ಯಾವ ದೂರೂ ಇಲ್ಲ. ದೂರಬೇಕಾದರೆ ನಮ್ಮ ಬೆಟ್ಟಗಳನ್ನೂ ತಿರುವುಗಳನ್ನೂ ದೂರಬೇಕು. ಬಯಲುಸೀಮೆಯಲ್ಲಿ ನೂರು ಮನೆಗಳು ಒಂದೆಡೆ ಕೂಡಿದರೆ ಅದು ಊರು. ನಮ್ಮಲ್ಲಿ ಕಣಿವೆಗೊಂದು ತೋಟ, ತೋಟಕ್ಕೊಂದು ಮನೆ, ಮನೆಯಿಂದ ಮನೆಗೆ ಕೂಗಳತೆ. ತಾಲ್ಲೂಕು ಕೇಂದ್ರದಿಂದ ನಾಲ್ಕೂವರೆ ಸಾವಿರ ಲೀಟರು ನೀರು ಹೊತ್ತು ಹೊರಟ ದೊಡ್ಡ ಗಾಡಿಯು ಈ ದಾರಿಗಳಲ್ಲಿ ಎಷ್ಟು ವೇಗವಾಗಿ ಬರಬಲ್ಲದು? ಬಂದರೂ ನಿಮ್ಮ ತೋಟದ ತಡಮೆಯನ್ನು ದಾಟಿ ಮನೆಯಂಗಳದವರೆಗೆ ಬರಬಲ್ಲುದೆ? ತುಮರಿಯ ಕಡೆಯಿಂದ ಬಂದಿರುವವರು ಈ ಮಾತಿಗೆ ಸಾಕ್ಷಿಗಳು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ನಿಂತಂದಿನಿಂದ ಅವರು ಸಾಗರಕ್ಕೆ ಬರಬೇಕಾದರೆ ಲಾಂಚಿಗಾಗಿ ಕಾಯಬೇಕಾಗಿತ್ತು. ೨೦೨೫ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದವಾದ ಸೇತುವೆ ತೆರೆಯಿತು. ಆ ಸಂಕಟ ತೀರಿತು. ಆದರೆ ಸೇತುವೆಯ ಆಚೆಗೂ ಹಳ್ಳಿಗಳು ಚದರಿಯೇ ಇವೆಯಷ್ಟೆ.

ಇನ್ನೊಂದು ಸಂಗತಿಯುಂಟು, ಇದನ್ನು ಬಲ್ಲವರು ಕಡಮೆ. ೧೯೯೨ರಲ್ಲಿ ರಾಜ್ಯಾಂಗವನ್ನು ತಿದ್ದಿ ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ಕೊಟ್ಟಾಗ, ಪಟ್ಟಣಗಳಿಗೆ ವಹಿಸಬಹುದಾದ ಕೆಲಸಗಳನ್ನು ಹನ್ನೆರಡನೆಯ ಅನುಸೂಚಿಯಲ್ಲಿ ಬರೆದರು. ಅದರಲ್ಲಿ ಬೆಂಕಿಯಿಂದ ರಕ್ಷಿಸುವ ಸೇವೆಯ ಹೆಸರಿದೆ. ಗ್ರಾಮ ಪಂಚಾಯತಿಗಳ ಕೆಲಸಗಳನ್ನು ಹನ್ನೊಂದನೆಯ ಅನುಸೂಚಿಯಲ್ಲಿ ಬರೆದರು. ಅಲ್ಲಿ ೨೯ ವಿಷಯಗಳಿವೆ, ಬೆಂಕಿಯ ಹೆಸರಿಲ್ಲ. ಹಳ್ಳಿಯ ಬೆಂಕಿ ಬೇರೆ ಜಾತಿಯದೆಂದು ಬರೆದವರು ಭಾವಿಸಿದರೋ ಏನೋ! ಸರಕಾರವನ್ನು ಕೇಳುವುದನ್ನು ನಾವು ಬಿಡಬಾರದು; ತೆರಿಗೆ ಕೊಡುವವರು ಕೇಳುವುದು ನ್ಯಾಯ. ಆದರೆ ಆ ವಾದ ಮುಗಿಯುವವರೆಗೆ ಸೋಗೆ ಕಾಯುವುದಿಲ್ಲ. ಬೆಂಕಿಯ ಮೊದಲ ಕಾಲುಗಂಟೆ ನೆರೆಹೊರೆಯವರದು.

ಇಕ್ಕೇರಿಗೆ ಹೋದವರೆಲ್ಲ ಅಘೋರೇಶ್ವರನ ಕಲ್ಲಿನ ದೇವಾಲಯವನ್ನು ನೋಡಿ ಕೈಮುಗಿದು ಬರುತ್ತೀರಿ. ಕೆಳದಿಯ ನಾಯಕರ ರಾಜಧಾನಿಯಾಗಿದ್ದ ಆ ಊರಿನ ನಡುವೆ ಮಣ್ಣಿನಿಂದಲೂ ಮರದಿಂದಲೂ ಕಟ್ಟಿದ, ಕೆತ್ತನೆಯ ಕೆಲಸವಿದ್ದ ಅರಮನೆಯಿತ್ತೆಂದು ಹಳೆಯ ಗೆಜೆಟಿಯರುಗಳಲ್ಲಿ ಬರೆದಿದೆ. ಇಂದು ಅದರ ಗುರುತಿಲ್ಲ. ಮುಂದೆ ರಾಜಧಾನಿಯಾದ ಬಿದನೂರಿನ ಕಥೆ ಇನ್ನೂ ಸ್ಪಷ್ಟವಾಗಿದೆ. ೧೭೬೩ರಲ್ಲಿ ಹೈದರಾಲಿಯು ಕೋಟೆಯನ್ನು ಮುತ್ತಿದಾಗ ರಾಣಿ ವೀರಮ್ಮಾಜಿಯು ಅರಮನೆಗೆ ಕಿಚ್ಚಿಡುವಂತೆ ಆಜ್ಞಾಪಿಸಿ ಬಲ್ಲಾಳರಾಯನದುರ್ಗದ ಕಡೆಗೆ ಹೊರಟುಹೋದಳು; ಒಳಹೊಕ್ಕ ಹೈದರನು ಮೊದಲು ಆ ಉರಿಯನ್ನು ಆರಿಸಲು ಏರ್ಪಾಡುಮಾಡಿದನೆಂದು ಇತಿಹಾಸಕಾರರು ಹೇಳುತ್ತಾರೆ. ಭಂಡಾರ ಒಳಗಿತ್ತು, ಆರಿಸಿದನು; ಅದರಲ್ಲಿ ಆಶ್ಚರ್ಯವೇನು? ಭಂಡಾರವಿಲ್ಲದ ಮನೆಗಳ ಬೆಂಕಿಯನ್ನು ಆರಿಸುವುದಕ್ಕೆ ಯಾರು ಓಡಿಬರುತ್ತಾರೆಂಬುದು ಪ್ರಕೃತ ನಮ್ಮ ಪ್ರಶ್ನೆ.

ಈ ಪ್ರಶ್ನೆ ನಮ್ಮೊಬ್ಬರದೇ ಅಲ್ಲ. ಪ್ರಾಚೀನ ರೋಮಿನಲ್ಲಿ ಕ್ರಾಸಸ್ ಎಂಬ ಧನಿಕನಿದ್ದನು. ಮನೆಗೆ ಬೆಂಕಿ ಬಿದ್ದರೆ ಇವನು ಅಲ್ಲಿಗೆ ಹೋಗಿ, ಉರಿಯುತ್ತಿರುವ ಮನೆಯನ್ನೂ ಅದರ ಪಕ್ಕದ ಮನೆಗಳನ್ನೂ ಅಗ್ಗದ ಬೆಲೆಗೆ ಕೊಂಡುಕೊಳ್ಳುತ್ತಿದ್ದನಂತೆ. ಹೀಗೆ ನಗರದ ದೊಡ್ಡ ಭಾಗವೇ ಅವನದಾಯಿತೆಂದು ಪ್ಲೂಟಾರ್ಕನು ಬರೆದಿದ್ದಾನೆ. ಅದು ಒಂದು ರೀತಿ.

ಇನ್ನೊಂದು ರೀತಿಯನ್ನು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನನು ೧೭೩೬ರಲ್ಲಿ ತೋರಿಸಿದನು. ಮೂವತ್ತು ಮಂದಿ ನೆರೆಯವರು ಕೂಡಿ ಒಂದು ಸಂಘವಾದರು. ಪ್ರತಿಯೊಬ್ಬನೂ ಚರ್ಮದ ಬಕೆಟ್ಟುಗಳನ್ನೂ ಸಾಮಾನು ಹೊರುವ ಚೀಲಗಳನ್ನೂ ಸಿದ್ಧವಾಗಿಟ್ಟುಕೊಂಡು ಬೆಂಕಿಯ ಕಡೆಗೆ ಬರತಕ್ಕದ್ದು. ತಿಂಗಳಿಗೊಮ್ಮೆ ಸೇರಿ ಈ ವಿಷಯವನ್ನೇ ಮಾತನಾಡತಕ್ಕದ್ದು. ಸಭೆಗೆ ಬಾರದವನು ದಂಡ ತೆರತಕ್ಕದ್ದು. ಹೀಗೆ ಕೂಡಿದ ಪುಡಿಕಾಸಿನ ದಂಡಗಳಿಂದಲೇ ಬೆಂಕಿಯಂತ್ರ, ಏಣಿ, ಕೊಕ್ಕೆಗಳನ್ನು ಕೊಂಡರೆಂದು ಆತನು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ನಮ್ಮ ಸಂಘಗಳ ಸಭೆಗೆ ಬಾರದವರಿಗೆ ದಂಡ ಹಾಕಿದರೆ ವಿಮಾನವನ್ನೇ ಕೊಳ್ಳಬಹುದೆಂದು ಯಾರೋ ಹಿಂದೆ ಕುಳಿತು ಹೇಳುತ್ತಿದ್ದಾರೆ. ಒಪ್ಪಿದೆ.

ಜಪಾನಿನ ಎದೋ ಪಟ್ಟಣ, ಅಂದರೆ ಈಗಿನ ಟೋಕಿಯೋ, ಮರದ ಮನೆಗಳ ಊರು. ಅಲ್ಲಿ ೧೭೨೦ರಲ್ಲಿ ಕೇರಿಯವರಿಂದಲೇ ಬೆಂಕಿಯ ತಂಡಗಳನ್ನು ಕಟ್ಟಿಸಿ, ತಂಡಕ್ಕೊಂದರಂತೆ ಅವರ ವರ್ಣಮಾಲೆಯ ಅಕ್ಷರಗಳನ್ನೇ ಹೆಸರಿಟ್ಟರು. ಕೆಟ್ಟ ಅರ್ಥ ಹೊಳೆಯುವ ಅಕ್ಷರಗಳನ್ನು ಬಿಟ್ಟು ಅವುಗಳ ಬದಲಿಗೆ ನೂರು, ಸಾವಿರ, ಹತ್ತುಸಾವಿರ ಎಂಬ ಸಂಖ್ಯೆಗಳನ್ನು ಇಟ್ಟರಂತೆ. ವೈಯಾಕರಣನಾದ ನನಗೆ ಇದು ಬಹಳ ಹಿಡಿಸಿತು; ಕ್ಷಮಿಸಬೇಕು. ಅವರ ಮುಖ್ಯೋಪಾಯವು ನೀರಲ್ಲ, ಕೊಕ್ಕೆ. ಉರಿ ಬರುವ ದಿಕ್ಕಿನ ಮನೆಗಳನ್ನು ಮೊದಲೇ ಕೆಡವಿ, ಬೆಂಕಿಗೆ ಆಹಾರವಿಲ್ಲದಂತೆ ಮಾಡುತ್ತಿದ್ದರು. ಬೆಟ್ಟದ ಅಂಚಿನಲ್ಲಿ ತರಗನ್ನು ಗುಡಿಸಿ ಬೆಂಕಿರೇಖೆ ಎಳೆಯುವಾಗ ನಾವು ಮಾಡುವುದೂ ಇದೇ ಅಲ್ಲವೆ?

ಚಿಲಿ ದೇಶದ ವಾಲ್ಪರೈಸೋ ರೇವುಪಟ್ಟಣದಲ್ಲಿ ೧೮೫೦ರ ಕೊನೆಗೆ ದೊಡ್ಡ ಬೆಂಕಿಯಾಯಿತು. ಮರುವರ್ಷವೇ ಪಟ್ಟಣಿಗರು ಸ್ವಯಂಸೇವಕ ದಳವನ್ನು ಕಟ್ಟಿದರು. ಇಂದಿಗೂ ಆ ದೇಶದಲ್ಲಿ ಬೆಂಕಿಯಾರಿಸುವವರು ಸಂಬಳವಿಲ್ಲದ ಸ್ವಯಂಸೇವಕರೇ. ಜರ್ಮನಿಯಲ್ಲಿ ಇಂಥವರು ಸುಮಾರು ಹತ್ತು ಲಕ್ಷ. ಅಲ್ಲಿಯ ಸಣ್ಣ ಹಳ್ಳಿಗಳಲ್ಲಿ ಪಂಪು, ಕೊಳವೆಗಳನ್ನು ಎರಡು ಚಕ್ರದ ತಳ್ಳುಬಂಡಿಯಂಥದರಲ್ಲಿ ಜೋಡಿಸಿಟ್ಟು, ಕರೆ ಬಂದಾಗ ಯಾರದಾದರೂ ಟ್ರಾಕ್ಟರಿಗೆ ಕಟ್ಟಿ ಎಳೆದೊಯ್ಯುವ ರೂಢಿಯಿದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬೀಳುತ್ತಿದ್ದಾಗ ಬಾಡಿಗೆಯ ಟ್ಯಾಕ್ಸಿಗಳ ನೆತ್ತಿಯ ಮೇಲೆ ಏಣಿಯನ್ನು ಕಟ್ಟಿ, ಹಿಂದೆ ಪಂಪಿನ ಬಂಡಿಯನ್ನು ತೊಡಿಸಿ ಓಡಿಸಿದರು. ಅಮೆರಿಕದ ಹಳ್ಳಿಗಳ ದಳಗಳು ಸೈನ್ಯ ಬಿಟ್ಟುಕೊಟ್ಟ ಹಳೆಯ ಲಾರಿಗಳನ್ನೂ ಹಾಲು ಸಾಗಿಸುತ್ತಿದ್ದ ಟ್ಯಾಂಕರುಗಳನ್ನೂ ತಂದು ತಾವೇ ಮಾರ್ಪಡಿಸಿಕೊಂಡಿವೆ. ಅದರ ಹಣಕ್ಕಾಗಿ ಊರೂಟಗಳನ್ನು ಏರ್ಪಡಿಸಿ ಚೀಟಿ ಮಾರುತ್ತಾರೆ. ಆಸ್ಟ್ರೇಲಿಯಾದ ಒಕ್ಕಲಿಗರ ಉಪಾಯವು ನಮಗೆ ಎಲ್ಲಕ್ಕಿಂತ ಹತ್ತಿರದ್ದು. ನೀರಿನ ತೊಟ್ಟಿ, ಸಣ್ಣ ಇಂಜಿನಿನ ಪಂಪು, ಸುತ್ತಿದ ಕೊಳವೆ, ಈ ಮೂರನ್ನೂ ಒಂದೇ ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದಿರುತ್ತಾರೆ. ಬೇಸಿಗೆ ಬಂದೊಡನೆ ಆ ಚೌಕಟ್ಟನ್ನು ತಮ್ಮ ಸಾಮಾನುಗಾಡಿಯ ಹಿಂಭಾಗಕ್ಕೆ ಜಾರಿಸಿ ಬಿಗಿಯುತ್ತಾರೆ. ಮಳೆ ಬಂದರೆ ಇಳಿಸಿ ಗಾಡಿಯನ್ನು ಹುಲ್ಲು ಗೊಬ್ಬರಕ್ಕೆ ಹೂಡುತ್ತಾರೆ.

ಇನ್ನು ನಮ್ಮ ಬಂಡಿ ಹೇಗಿರಬೇಕೆಂಬ ವಿಚಾರ. ಇದರಲ್ಲಿ ನಮ್ಮ ಪೂರ್ವಪುಣ್ಯದಿಂದ ಅರ್ಧ ಕೆಲಸ ಆಗಿಯೇ ಇದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ಅಡಿಕೆಯ ಕೊಳೆರೋಗವನ್ನು ಪರಿಶೋಧಿಸಿ ೧೯೧೦ರಲ್ಲಿ ಪ್ರಕಟಿಸಿದರು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಮಲೆನಾಡಿನಲ್ಲಿ ಬಳಕೆಗೆ ತಂದವರಲ್ಲಿ ಅವರು ಮುಖ್ಯರು. ಅಂದಿನಿಂದ ಮರದ ನೆತ್ತಿಯವರೆಗೆ ಮದ್ದನ್ನು ಚಿಮ್ಮಿಸುವ ಪಂಪು ಒಂದಲ್ಲ ಒಂದು ರೂಪದಲ್ಲಿ ನಮ್ಮ ಮನೆಗಳಲ್ಲಿ ಇದೆ. ಇದು ದುಡಿಯುವುದು ಮಳೆಗಾಲದಲ್ಲಿ. ಮಾಘದಿಂದ ವೈಶಾಖದವರೆಗೆ ಮೂಲೆಯಲ್ಲಿ ಮಲಗಿರುತ್ತದೆ; ಬೆಂಕಿಯ ಕಾಲವೂ ಅದೇ ಮಾಘದಿಂದ ವೈಶಾಖದವರೆಗೆ. ಬೇಕಾದ ಆಯುಧವು ಬೇಕಾದ ತಿಂಗಳುಗಳಲ್ಲಿಯೇ ಬಿಡುವಾಗಿರುವುದು ಎಂಥ ಅನುಕೂಲ! ಹಂಡೆಯಲ್ಲಿ ಅಡಿಕೆ ಬೇಯಿಸಿ, ಅಟ್ಟದ ಕೆಳಗೆ ಒಣಹುಲ್ಲು ಇಟ್ಟುಕೊಂಡು ಬದುಕುವ ನಮಗೆ ಇದಕ್ಕಿಂತ ಹೆಚ್ಚಿನದು ಏನು ಬೇಕು?

ನೀರು ಬಹಳ ಬೇಕೆಂದು ಹೆದರುವವರಿಗೆ ಒಂದು ಲೆಕ್ಕ. ಸಣ್ಣ ಹನಿಗಳಾಗಿ ಬೀಳುವ ನೀರು ಹಬೆಯಾಗುವಾಗ ಶಾಖವನ್ನು ಹೀರುತ್ತದೆ. ಸಾಧಾರಣ ತಂಪಿನ ನೀರನ್ನು ಕುದಿಯುವ ಹಂತಕ್ಕೆ ತರುವುದಕ್ಕೆ ಗ್ರಾಮಿಗೆ ೮೦ ಕ್ಯಾಲೊರಿ ಶಾಖ ಹಿಡಿದರೆ, ಕುದಿದ ನೀರು ಹಬೆಯಾಗುವುದಕ್ಕೆ ೫೪೦ ಹಿಡಿಯುತ್ತದೆ. ಕೊಡದಿಂದ ಎಸೆದ ನೀರಿನ ಬಹುಪಾಲು ಬಿಸಿಯಾಗುವ ಮೊದಲೇ ನೆಲಕ್ಕೆ ಹರಿದುಹೋಗುತ್ತದೆ. ತುಂತುರಾಗಿ ಹೊಡೆದ ನೀರಿನ ಬಹುಪಾಲು ಹಬೆಯಾಗಿ ಕೆಲಸ ಮುಗಿಸುತ್ತದೆ. ಮದ್ದು ಹೊಡೆಯುವ ಇಂಜಿನ್ ಪಂಪು ನಿಮಿಷಕ್ಕೆ ಇಪ್ಪತ್ತೈದು ಲೀಟರು ಚಿಮ್ಮಿಸಿದರೆ ಸಾವಿರ ಲೀಟರಿನ ತೊಟ್ಟಿ ನಲವತ್ತು ನಿಮಿಷ ಬರುತ್ತದೆ. ಪೇಟೆಯ ದೊಡ್ಡ ಗಾಡಿಯ ದಪ್ಪ ಕೊಳವೆಯಾದರೆ ಆ ಸಾವಿರ ಲೀಟರನ್ನು ಎರಡು ಮೂರು ನಿಮಿಷಗಳಲ್ಲಿ ಕುಡಿದುಬಿಡುತ್ತದೆ. ಎತ್ತರಕ್ಕೆ ಎದ್ದ ಬೆಂಕಿಗೆ ಅದೇ ಬೇಕು. ಈಗತಾನೆ ಹತ್ತಿದ ಬೆಂಕಿಗೆ ನಮ್ಮದು ಸಾಕು.

ಸಾವಿರ ಲೀಟರೆಂದರೆ ಹತ್ತು ಕ್ವಿಂಟಾಲು. ತೊಟ್ಟಿಯ ತೂಕ, ಪಂಪಿನ ತೂಕ, ಜೊತೆಗೆ ನಾಲ್ಕು ಜನ; ಇವನ್ನೆಲ್ಲ ಕೂಡಿ, ಗಾಡಿಯ ಕಾಗದದಲ್ಲಿ ಬರೆದಿರುವ ಭಾರಕ್ಕೆ ಹೋಲಿಸಿ ನೋಡಿಯೇ ತೊಟ್ಟಿಯ ಅಳತೆಯನ್ನು ಗೊತ್ತುಮಾಡಬೇಕು. ದೊಡ್ಡದಿರಲಿ ಎಂಬ ಆಸೆಯಿಂದ ಮಿತಿಮೀರಿ ತುಂಬಿದರೆ ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದಿಲ್ಲ. ತೊಟ್ಟಿ ತಗ್ಗಾಗಿರಲಿ, ಎತ್ತರ ಬೇಡ. ಒಳಗೆ ತೂತುಗಳುಳ್ಳ ಅಡ್ಡಹಲಗೆಗಳು ಇರಲೇಬೇಕು. ಇಲ್ಲದಿದ್ದರೆ ತಿರುವಿನಲ್ಲಿ ನೀರೆಲ್ಲ ಒಂದು ಕಡೆಗೆ ನುಗ್ಗಿ ಗಾಡಿಯನ್ನು ಮಗುಚುತ್ತದೆ. ಅರ್ಧ ತುಂಬಿದ ತೊಟ್ಟಿಯು ಪೂರ್ತಿ ತುಂಬಿದುದಕ್ಕಿಂತ ಅಪಾಯಕರವೆಂಬುದನ್ನು, ತಲೆಯ ಮೇಲೆ ಅರ್ಧಕೊಡ ಹೊತ್ತು ನಡೆದ ತಾಯಂದಿರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗಾಡಿಯನ್ನು ಕತ್ತರಿಸಿ ಬೆಸುಗೆ ಹಾಕಿಸಿ ರೂಪ ಬದಲಿಸಲು ಹೋಗಬೇಡಿ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ವಿಧಿಯು, ಕಾರಖಾನೆಯವರು ಮಾಡಿದುದನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುತ್ತದೆ. ಆಸ್ಟ್ರೇಲಿಯಾದವರ ಹಾಗೆ ಇಳಿಸಿ ಏರಿಸುವ ಚೌಕಟ್ಟನ್ನೇ ಮಾಡಿಸಿಕೊಂಡು, ಅದೂ ಒಂದು ಹೇರು ಎನ್ನುವಂತೆ ಬಿಗಿದುಕೊಂಡರೆ ಗಾಡಿಯ ರೂಪ ಕೆಡುವುದಿಲ್ಲ. ಆದರೂ ಸಾರಿಗೆ ಕಚೇರಿಯಲ್ಲಿ ಮೊದಲು ವಿಚಾರಿಸಿಕೊಳ್ಳಿರಿ. ಕೆಂಪುದೀಪ, ಸೈರನ್ನುಗಳ ಆಸೆ ತರುಣರಿಗೆ ಬಹಳ. ಅವು ಅನುಮತಿಯಿಲ್ಲದೆ ಕೂಡವು, ಗಂಟೆ ಸಾಕು.

ಬಾವಿಯಿಂದ ನೀರು ಹೀರುವ ವಿಷಯದಲ್ಲಿ ಎಚ್ಚರ. ಮೇಲೆ ನಿಂತ ಪಂಪು ನೀರನ್ನು ಮೇಲಕ್ಕೆ ಎಳೆಯುವುದೆಂದು ನಾವು ಹೇಳುತ್ತೇವೆ. ನಿಜವಾಗಿ ಗಾಳಿಯ ಒತ್ತಡವು ಅದನ್ನು ನೂಕುತ್ತದೆ. ಶಾಸ್ತ್ರದ ಲೆಕ್ಕಕ್ಕೆ ಹತ್ತು ಮೀಟರು, ವ್ಯವಹಾರದಲ್ಲಿ ಏಳು ಮೀಟರಿಗಿಂತ ಆಳದ ನೀರು ಏರುವುದಿಲ್ಲ. ಆದಕಾರಣ ನಿಮ್ಮ ಬಾವಿಯ ಆಳವನ್ನು ಶ್ರಾವಣದಲ್ಲಿ ಅಳೆದರೆ ಪ್ರಯೋಜನವಿಲ್ಲ, ಚೈತ್ರದಲ್ಲಿ ಅಳೆಯಿರಿ. ಕೆರೆಯಾದರೆ ಗಾಡಿಯು ನೀರಿನಂಚಿನವರೆಗೆ ಇಳಿಯುವ ದಾರಿಯನ್ನು ಈಗಲೇ ಮಾಡಿಡಿರಿ. ಮದ್ದಿನ ಪಂಪನ್ನೇ ಬಳಸುವವರು ಮೈಲುತುತ್ತವನ್ನು ಚೆನ್ನಾಗಿ ತೊಳೆದಿಡಬೇಕು. ಅದು ಕಬ್ಬಿಣವನ್ನು ತಿನ್ನುತ್ತದೆ. ಬೆಂಕಿ ಹತ್ತಿದ ಮನೆಯಲ್ಲಿ ವಿದ್ಯುತ್ತು ಹರಿಯುತ್ತಿದ್ದರೆ ನೀರು ಹೊಡೆಯಬಾರದು. ಮೊದಲು ಮೆಸ್ಕಾಮಿನವರಿಂದ ಲೈನನ್ನು ನಿಲ್ಲಿಸಿಕೊಳ್ಳಬೇಕು. ಉರಿಯುವ ಎಣ್ಣೆಗೆ ನೀರು ಶತ್ರು. ಸೋಗೆಯ ಮಾಡನ್ನು ಎಳೆದು ಕೆಡಹುವುದಕ್ಕೆ ದೋಟಿ ಬೇಕು. ಫ್ರಾಂಕ್ಲಿನನ ಕೊಕ್ಕೆಯನ್ನು ಹುಡುಕಿಕೊಂಡು ಅಮೆರಿಕಕ್ಕೆ ಹೋಗಬೇಕಾಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಕೊಳವೆಯ ಬಾಯಿ. ೧೯೦೪ರ ಫೆಬ್ರವರಿಯಲ್ಲಿ ಅಮೆರಿಕದ ಬಾಲ್ಟಿಮೋರ್ ನಗರ ಹತ್ತಿಕೊಂಡು ಉರಿಯುವಾಗ ವಾಷಿಂಗ್‌ಟನ್, ಫಿಲಡೆಲ್ಫಿಯಾಗಳಿಂದ ದಳಗಳು ರೈಲಿನಲ್ಲಿ ಧಾವಿಸಿ ಬಂದವು. ಅವರ ಕೊಳವೆಯ ಬಾಯಿ ಬಾಲ್ಟಿಮೋರಿನ ನೀರುಗಂಬಕ್ಕೆ ಹೊಂದಲಿಲ್ಲ. ಸಾವಿರದೈನೂರಕ್ಕೂ ಹೆಚ್ಚು ಕಟ್ಟಡಗಳು ಬೂದಿಯಾದವು. ನಮ್ಮ ಸರಕಾರಿ ದಳಗಳ ಕೊಳವೆ ೬೩ ಮಿಲಿಮೀಟರಿನದು. ನಮ್ಮ ಬಂಡಿಯ ಕೊಳವೆ ಸಣ್ಣದಾದರೂ ತೊಟ್ಟಿಗೆ ಆ ಅಳತೆಯ ಒಂದು ಬಾಯಿಯನ್ನು ಇಡಿಸಿ, ತಾಲ್ಲೂಕಿನ ಠಾಣೆಗೆ ಹೋಗಿ ಜೋಡಿಸಿ ನೋಡಿಕೊಂಡು ಬರಬೇಕು. ಅವರ ಗಾಡಿ ಬಂದಾಗ ನಮ್ಮ ಕೆರೆಯ ನೀರು ಅವರಿಗೆ ಸಿಕ್ಕಬೇಕಷ್ಟೆ. ಹೋದಾಗ ಅವರಿಂದ ಪಾಠವನ್ನೂ ಹೇಳಿಸಿಕೊಂಡು ಬನ್ನಿ. ಬೆಂಕಿ ಕಂಡೊಡನೆ ಮೊದಲು ೧೧೨ಕ್ಕೆ ಕರೆ, ಆಮೇಲೆ ನಮ್ಮ ಬಂಡಿಯ ಹೊರಡಿಕೆ; ಈ ಕ್ರಮವನ್ನು ತಪ್ಪಬಾರದು.

ಬೆಟ್ಟದ ಬೆಂಕಿಯ ಮಾತು ಬೇರೆ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡು ಹತ್ತಿದಾಗ ಸಾವಿರಾರು ಎಕರೆ ಸುಟ್ಟುಹೋಯಿತು; ಎಷ್ಟೋ ಜನ ಸ್ವಯಂಸೇವಕರು ಹಸಿಯ ಟೊಂಗೆಗಳಿಂದ ಬಡಿದು ಬಡಿದು ದಣಿದರು; ಕಡೆಗೆ ವಾಯುಸೇನೆಯ ಹೆಲಿಕಾಪ್ಟರುಗಳು ನೀರು ಹೊತ್ತು ಬಂದವು. ಅಂಥದನ್ನು ನಮ್ಮ ಬಂಡಿ ನಿಲ್ಲಿಸಲಾರದು. ಅರಣ್ಯದವರನ್ನು ಬಿಟ್ಟು ನಾವು ಕಾಡೊಳಗೆ ನುಗ್ಗುವುದೂ ಕೂಡದು. ಸೊಪ್ಪಿನಬೆಟ್ಟದ ಅಂಚಿನಲ್ಲಿ, ಗದ್ದೆಯ ಬದುವಿನಲ್ಲಿ, ಕಿಡಿ ಚಿಕ್ಕದಿರುವಾಗಲೇ ಕಂಡರೆ ಅದು ನಮ್ಮ ಕೆಲಸ. ಈ ಕಿಡಿಗಳಲ್ಲಿ ಎಷ್ಟು ನಮ್ಮ ಕೈಯಿಂದಲೇ ಬಿದ್ದವೆಂಬುದನ್ನು ಎದೆ ಮುಟ್ಟಿಕೊಂಡು ಹೇಳಿರಿ. ಹೊಸ ಹುಲ್ಲು ಚಿಗುರಲೆಂದು ಕಡ್ಡಿ ಗೀರಿದವರು, ಬೀಡಿಯ ತುಂಡನ್ನು ಒಗೆದವರು ಈ ಸಭೆಯಲ್ಲಿಯೂ ಇರಬಹುದು. ನಾನು ಯಾರ ಮುಖವನ್ನೂ ನೋಡುವುದಿಲ್ಲ.

ಹಣದ ಮಾತಿಗೆ ಬರುತ್ತೇನೆ. ಕೂಡಿ ಮಾಡುವುದು ಕನ್ನಡಿಗರಿಗೆ ಹೊಸದಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ೧೯೦೫ರಲ್ಲಿ ಕಟ್ಟಿದ ಸಂಘವೇ ನಮ್ಮ ದೇಶದ ಮೊದಲ ಕೃಷಿ ಸಹಕಾರ ಸಂಘ. ಅಡಿಕೆಯ ಬೆಲೆಗಾಗಿ ಮಲೆನಾಡಿನ ಬೆಳೆಗಾರರು ೧೯೩೯ರಲ್ಲಿ ಶಿವಮೊಗ್ಗದಲ್ಲಿ ಮ್ಯಾಮ್‌ಕೋಸನ್ನು ಕಟ್ಟಿಕೊಂಡರು. ಮನೆಮನೆಯ ಮುಷ್ಟಿಅಕ್ಕಿಯಿಂದ ಎಷ್ಟೋ ವಿದ್ಯಾರ್ಥಿನಿಲಯಗಳ ಒಲೆ ಉರಿದಿದೆ. ಆ ಅಕ್ಕಿಯನ್ನು ಉಂಡು ಓದಿದವರಲ್ಲಿ ನಾನೂ ಒಬ್ಬ. ಹತ್ತು ಊರುಗಳು ಸೇರಿ, ಅಡಿಕೆ ಮಾರಿದಾಗ ಕ್ವಿಂಟಾಲಿಗೆ ಇಷ್ಟೆಂದು ತೆಗೆದಿಟ್ಟರೆ ಒಂದೇ ಸುಗ್ಗಿಯಲ್ಲಿ ಚೌಕಟ್ಟು ಸಿದ್ಧವಾದೀತು. ಆದರೆ ನನಗೆ ಕೊಳ್ಳುವ ಹಣದ ಚಿಂತೆಯಿಲ್ಲ. ತೇರು ಕಟ್ಟಿಸುವುದಕ್ಕೆ ನಮ್ಮಲ್ಲಿ ದಾನಿಗಳು ಯಾವಾಗಲೂ ಸಿಕ್ಕುತ್ತಾರೆ, ತೇರಿನ ಮನೆಗೆ ಹಂಚು ಹೊದಿಸುವುದಕ್ಕೆ ಸಿಕ್ಕುವುದಿಲ್ಲ. ಬಂಡಿಗೂ ಅದೇ ಗತಿಯಾಗಬಾರದು. ಆದುದರಿಂದ ಎರಡು ಗಂಟುಗಳಿರಲಿ: ಕೊಳ್ಳುವುದಕ್ಕೊಂದು, ಕಾಪಾಡುವುದಕ್ಕೊಂದು. ಎರಡನೆಯ ಗಂಟು ತುಂಬದೆ ಮೊದಲನೆಯದನ್ನು ಬಿಚ್ಚಬಾರದು. ವಾಷರು, ಎಣ್ಣೆ, ಬ್ಯಾಟರಿ, ಇಲಿ ಕಡಿದ ಕೊಳವೆ, ಪ್ರತಿ ತಿಂಗಳೂ ಇಂಜಿನನ್ನು ಹೊತ್ತಿಸುವ ಪೆಟ್ರೋಲು. ಯಾರೂ ಹಾರ ಹಾಕಿ ಫೋಟೋ ತೆಗೆಯದ ಈ ವೆಚ್ಚಗಳೇ ಬಂಡಿಯ ಜೀವ.

ಹಣ ಕೊಡದವನ ಮನೆ ಹತ್ತಿದರೆ ಏನು ಮಾಡಬೇಕು? ಈ ಪ್ರಶ್ನೆ ಸಭೆಗಳಲ್ಲಿ ಬಂದೇ ಬರುತ್ತದೆ. ೨೦೧೦ರಲ್ಲಿ ಅಮೆರಿಕದ ಟೆನೆಸಿ ಸಂಸ್ಥಾನದ ಓಬಿಯನ್ ಕೌಂಟಿಯಲ್ಲಿ ಒಂದು ಮನೆಗೆ ಬೆಂಕಿ ಬಿದ್ದಿತು. ಮನೆಯವನು ವರ್ಷದ ೭೫ ಡಾಲರಿನ ವಂತಿಗೆಯನ್ನು ಕಟ್ಟಿರಲಿಲ್ಲ. ದಳದವರು ಬಂದರು; ವಂತಿಗೆ ಕೊಟ್ಟ ನೆರೆಯವನ ಜಮೀನಿಗೆ ಉರಿ ಹಬ್ಬದಂತೆ ನೋಡಿಕೊಂಡರು; ಈ ಮನೆಯನ್ನು ಉರಿಯಲು ಬಿಟ್ಟರು. ನಿಯಮದ ಪ್ರಕಾರ ಅವರದು ತಪ್ಪಲ್ಲ. ಎಲ್ಲರನ್ನೂ ಉಳಿಸಿದರೆ ವಂತಿಗೆ ಯಾರು ಕೊಟ್ಟಾರು ಎಂಬ ವಾದದಲ್ಲಿ ತರ್ಕವೂ ಉಂಟು. ಆದರೆ ಆ ತರ್ಕವನ್ನು ಒಪ್ಪಿದ ಊರಿನಲ್ಲಿ ನಾನು ಆ ರಾತ್ರಿ ಕಂಡ ದಿಣ್ಣೆಯ ಮೇಲಿನ ಮನೆಗೆ ಜಾಗವಿಲ್ಲ. ನಮ್ಮ ಬಂಡಿಯ ಪುಸ್ತಕದಲ್ಲಿ ವಂತಿಗೆಯ ಲೆಕ್ಕ ಒಂದು ಕಡೆ, ಮನೆಗಳ ಪಟ್ಟಿ ಇನ್ನೊಂದು ಕಡೆ ಇರಬೇಕು. ಬೆಂಕಿಯ ದಿನ ಮೊದಲನೆಯ ಪುಟವನ್ನು ಯಾರೂ ತೆರೆಯಬಾರದು. ಕೂಲಿಯವರ ಬಿಡಾರ, ಜಾತಿ ಕುಲಗಳ ಯಾವ ಕೇರಿಯೇ ಆಗಲಿ, ಪಟ್ಟಿಯಿಂದ ಬಿಟ್ಟುಹೋಗಬಾರದು. ಹಣ ಕೊಡಲಾಗದವರು ತಿಂಗಳಿಗೊಂದು ದಿನ ಕೊಳವೆ ಒಣಗಿಸಲು ಬಂದರೆ ಅದೂ ವಂತಿಗೆಯೇ. ದುಡಿಮೆಯನ್ನು ಕಾಣಿಕೆಯಾಗಿ ಎಣಿಸುವ ಪರಂಪರೆಯಲ್ಲಿ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳುವುದು ಅಧಿಕಪ್ರಸಂಗ.

ತರುಣರೆಲ್ಲ ಬೆಂಗಳೂರಿಗೆ ಹೋಗಿದ್ದಾರೆ, ಮನೆಯಲ್ಲಿ ವೃದ್ಧರೂ ಹೆಂಗಸರೂ ಉಳಿದಿದ್ದಾರೆ, ಬಂಡಿಯನ್ನು ಓಡಿಸುವವರು ಯಾರು ಎಂದು ಒಬ್ಬರು ನಿನ್ನೆ ನನ್ನನ್ನು ಕೇಳಿದರು. ಈ ಸಂದೇಹ ದೊಡ್ಡದು. ಹಗಲು ಹೊತ್ತು ಊರಿನಲ್ಲಿ ಇರುವವರು ಯಾರೋ ಅವರಿಗೇ ಪಂಪನ್ನು ಹೊತ್ತಿಸಲು ಕಲಿಸಬೇಕು. ನನ್ನ ಸೊಸೆ ಸ್ಕೂಟರಿನಲ್ಲಿ ಸಾಗರದ ಸಂತೆಗೆ ಹೋಗಿ ಬರುತ್ತಾಳೆ. ಪಂಪಿನ ಹಗ್ಗವನ್ನು ಎಳೆಯಲಾರಳೆ? ಊರಿನಲ್ಲಿ ಉಳಿದಿರುವವರ ಹೆಸರನ್ನು ವಾರಕ್ಕೆ ಇಬ್ಬರಂತೆ ಬರೆದು ಬಂಡಿಯ ಮನೆಯ ಬಾಗಿಲಿಗೆ ಹಚ್ಚಿದರೆ ಸಾಕು. ಬೀಗದ ಕೈ ಒಬ್ಬರ ಸೊಂಟದಲ್ಲಿ ಇರಬಾರದು. ಬಾಗಿಲ ಪಕ್ಕದ ಗೂಡಿನಲ್ಲಿ ತೂಗುಹಾಕಿರಬೇಕು.

ಹೇಳಬೇಕಾದುದು ಇಷ್ಟೇ. ಮಾತು ಹೆಚ್ಚಾಯಿತು, ಪ್ರಸಾದದ ಹೊತ್ತೂ ಆಯಿತು. ಶ್ರೀಮಠದ ಹಿಂದಿನ ಅಂಗಳದಲ್ಲಿ ಮದ್ದು ಹೊಡೆಯುವ ಒಂದು ಹಳೆಯ ಕೈಪಂಪನ್ನೂ ಒಂದು ಇಂಜಿನ್ ಪಂಪನ್ನೂ ನೂರು ಅಡಿ ಕೊಳವೆಯನ್ನೂ ಇಡಿಸಿದೆ. ಊಟವಾದ ಮೇಲೆ ಹತ್ತು ನಿಮಿಷ ಅಲ್ಲಿಗೆ ಬನ್ನಿ. ಕೈಪಂಪಿನ ವಾಷರನ್ನು ಬಿಚ್ಚಿ ಎಣ್ಣೆಯಲ್ಲಿ ನೆನೆಹಾಕುವುದು ಹೇಗೆಂದು ನಾನೇ ತೋರಿಸುತ್ತೇನೆ. ಬಾವಿಯ ಆಳವನ್ನು ಅಳೆಯುವುದಕ್ಕೆ ಮೀಟರಿಗೊಂದು ಗಂಟು ಹಾಕಿದ ಹಗ್ಗಗಳನ್ನು ನಮ್ಮ ಪಾಠಶಾಲೆಯ ಹುಡುಗರು ಊರಿಗೊಂದರಂತೆ ಮಾಡಿಟ್ಟಿದ್ದಾರೆ, ತೆಗೆದುಕೊಂಡು ಹೋಗಿ.